ಸುರಂಗದಾಚೆಗೆ ಬೇರೆ ದುಡ್ಡು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಸಾಲಿನ ಮೇಲೆ ನಿಲ್ಲುವುದಿಲ್ಲ, ಹೋಗುತ್ತ ಹೋಗುತ್ತ ಕೆಳಗಿಳಿಯುತ್ತದೆ. ಅಜ್ಜ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆಯುವ ಗೆರೆ ಇದಕ್ಕಿಂತ ನೆಟ್ಟಗಿರುತ್ತದೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಬರುವ ಮಾತುಗಳನ್ನೇ ಒಂದಕ್ಕೆ ಎರಡು ಸಲ ನೋಡಿ ಬರೆದಿದ್ದೇನೆ. ಅರ್ಥವಾಗದ ಕಡೆ ತಪ್ಪು ನನ್ನದು, ನಮ್ಮ ಮನೆಯವರದ್ದಲ್ಲ. ಅವರು ಬಹಳ ಸ್ಪಷ್ಟವಾಗಿ ಜಗಳವಾಡುತ್ತಾರೆ.

ಜಗಳ ಎಲ್ಲಿಂದ ಶುರುವಾಯಿತೋ ನನಗೆ ಗೊತ್ತಿಲ್ಲ. ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದವಳು ದಾರ ಕತ್ತರಿಸಿ ತಲೆಯೆತ್ತುವಾಗ ಅದು ಇಲ್ಲಿಗೆ ಬಂದಿತ್ತು.

ಅಜ್ಜ: ಕೋಟು ಹೊಲಿದು ಕೊಟ್ಟು, ಎಡಗೈ ತೋಳಿಗೆ ಬೇರೆ ದುಡ್ಡು ಅಂತ ನಾನು ಯಾರನ್ನಾದ್ರೂ ಕೇಳಿದೀನಾ?

ಅಜ್ಜಿ: ಈ ಕೋಟಿಗೆ ಎರಡೂ ತೋಳು ಇದೆಯಲ್ರೀ. ವರ್ಷದಿಂದ ಹಾಕ್ಕೊಂಡು ಓಡಾಡ್ತಾ ಇದೀವಿ. ಅವರು ಈಗ ಕೊಡ್ತಾ ಇರೋದು ತೋಳಲ್ಲ.

ಅಜ್ಜ: ಮತ್ತೇನು?

ಅಜ್ಜಿ: ಇನ್ನೊಂದು ಕೋಟು.

ಅಜ್ಜ: ಒಂದು ಕೋಟಿನ ಮೇಲೆ ಇನ್ನೊಂದು ಕೋಟು ಯಾಕೆ? ನಿನಗೇನು ಅಷ್ಟೊಂದು ಚಳಿನಾ?

ಅವರು ಹೇಳುತ್ತಿದ್ದದ್ದು ಕೋಟಿನ ವಿಷಯವಲ್ಲ, ಟಿವಿಯಲ್ಲಿ ಆಡುವ ಒಂದು ರೈಲಿನ ಆಟದ ವಿಷಯ. ನಮ್ಮದು ಹೊಲಿಗೆ ಅಂಗಡಿಯಾದ್ದರಿಂದ ಯಾವ ಮಾತೂ ಬಟ್ಟೆಯ ಮೇಲೆ ಹಾದೇ ಬರುತ್ತದೆ. ಮುಂದಿನ ಕೋಣೆಯಲ್ಲಿ ಎರಡು ಮೆಷಿನ್ನು, ಅಳತೆಯ ಮೇಜು, ನೇತುಹಾಕಿದ ಬಟ್ಟೆಗಳು. ಪರದೆ ಸರಿಸಿದರೆ ಹಿಂದಿನ ಕೋಣೆ. ನಾವು ಊಟ ಮಾಡುವುದೂ ಟಿವಿ ನೋಡುವುದೂ ಅಲ್ಲೇ, ಗಿರಾಕಿಗಳು ಪ್ಯಾಂಟು ಹಾಕಿ ನೋಡುವುದೂ ಅಲ್ಲೇ. ಚಿಕ್ಕಪ್ಪ ತನಗೆ ಹೊಸ ಗೇಮ್ ಪೆಟ್ಟಿಗೆ ಕೊಂಡಾಗ ಹಳೆಯದನ್ನು ನಮ್ಮ ಮನೆಯಲ್ಲಿಟ್ಟು ಹೋದ. ಗುಂಡು ಹಾರಿಸುವ ಆಟಗಳನ್ನೆಲ್ಲ ದಾಟಿಕೊಂಡು ಹೋಗಿ ಅಜ್ಜ ಅಜ್ಜಿ ಈ ರೈಲಿನ ಹತ್ತಿರ ನಿಂತರು.

ಆಟ ಇಬ್ಬರದ್ದು. ಟಿವಿಯ ಅರ್ಧದಲ್ಲಿ ಅಜ್ಜನ ಸ್ಟೇಷನ್ನು, ಇನ್ನರ್ಧದಲ್ಲಿ ಅಜ್ಜಿಯ ಇಂಜಿನ್ನು. ಅಜ್ಜ ಜನರನ್ನು ಹತ್ತಿಸಿ, ಬಾಗಿಲು ಹಾಕಿಸಿ, ಹಸಿರು ಬಾವುಟ ತೋರಿಸಬೇಕು. ಅಜ್ಜಿ ರೈಲು ಓಡಿಸಬೇಕು. ಹೊಲಗಳು, ಒಂದು ಕೆರೆ, ಎರಡು ಚಿಕ್ಕ ನಿಲ್ದಾಣ ದಾಟಿದ ಮೇಲೆ ಬೆಟ್ಟದಲ್ಲಿ ಒಂದು ಸುರಂಗ ಬರುತ್ತದೆ. ಸುರಂಗದ ಬಾಯಿಗೆ ಕಬ್ಬಿಣದ ಗೇಟು. ಗೇಟಿನ ಮೇಲೆ, ಮುಂದಿನ ದಾರಿಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು ಎನ್ನುವ ಬೋರ್ಡು. ಅಜ್ಜಿ ದಿನವೂ ಆ ಬೋರ್ಡಿನ ತನಕ ಹೋಗಿ, ಅದನ್ನು ನೋಡಿ, ರೈಲನ್ನು ಹಿಂದಕ್ಕೆ ತರುತ್ತಾರೆ.

ಮೊಣಕಾಲು ನೋವು ಬಂದ ಮೇಲೆ ಅಜ್ಜಿ ನಡೆಯುವುದು ನಮ್ಮ ಬೀದಿಯ ಕೊನೆಯ ತನಕ ಮಾತ್ರ. ಅಲ್ಲಿ ದಿನಸಿ ಅಂಗಡಿಯ ಕಟ್ಟೆಯ ಮೇಲೆ ಸ್ವಲ್ಪ ಕೂತು ವಾಪಸ್ ಬರುತ್ತಾರೆ. ರೈಲಿನಲ್ಲೂ ಅಷ್ಟೇ ಎಂದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಬೆಲೆ ಹೆಚ್ಚೇನಿಲ್ಲ, ಕಾಜಾ ಹೊಲಿದು ಅಜ್ಜಿ ತಮ್ಮ ಡಬ್ಬಿಯಲ್ಲಿ ಹಾಕಿಕೊಂಡದ್ದರಲ್ಲೇ ಆಗುತ್ತಿತ್ತು. ಆದರೆ ಆಟ ಇಬ್ಬರದ್ದಾದ್ದರಿಂದ ಅಜ್ಜ ಒಪ್ಪದೆ ಅವರು ಗೇಟು ತೆಗೆಸುವವರಲ್ಲ. ಅಜ್ಜ ಒಪ್ಪುವವರಲ್ಲ.

ಅಜ್ಜ: ಫ್ರೀಯಾಗಿ ಕೊಡ್ತಾನೇ ಇದಾರಲ್ಲ. ಕೆಂಪು ಬೆಂಚು ಕೊಟ್ಟರು. ಹೂವಿನ ಕುಂಡ ಕೊಟ್ಟರು. ಗಂಟೆ ಕೊಟ್ಟರು. ಬೆಕ್ಕು ಕೊಟ್ಟರು, ಆಮೇಲೆ ಅದರ ಮರಿಗಳನ್ನೂ ಕೊಟ್ಟರು. ಕೊಡೋ ಕೈಯನ್ನ ಯಾಕೆ ಅವಸರ ಮಾಡ್ತೀಯ?

ಅಜ್ಜಿ: ಬೆಂಚು ಎಲ್ಲಿದೆ?

ಅಜ್ಜ: ಸ್ಟೇಷನ್ನಲ್ಲಿ.

ಅಜ್ಜಿ: ಕುಂಡ?

ಅಜ್ಜ: ಸ್ಟೇಷನ್ನಲ್ಲಿ.

ಅಜ್ಜಿ: ಗಂಟೆ, ಬೆಕ್ಕು, ಬೆಕ್ಕಿನ ಸಂಸಾರ?

ಅಜ್ಜ: ಇಂಜಿನ್ನಲ್ಲಿ ಬೆಕ್ಕು ಸಾಕೋಕಾಗತ್ತಾ?

ಅಜ್ಜಿ: ಫ್ರೀ ಬಂದಿದ್ದೆಲ್ಲ ನಿಮ್ಮ ಮನೆ ತುಂಬಿದೆ. ನನಗೆ ಬಂದಿದ್ದು ಒಂದು ಹೊಸ ಹಾರ್ನು. ಅದೂ ಹಳೇದರ ಥರಾನೇ ಕೂಗತ್ತೆ.

ಜಗಳದಲ್ಲಿ ಸೋಲುವಾಗ ಯಾವಾಗಲೂ ಮಾಡುವುದನ್ನೇ ಅಜ್ಜ ಮಾಡಿದರು. ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆದು, ಸುತ್ತಿ, ಬಿಚ್ಚಿ, ಮತ್ತೆ ಕುತ್ತಿಗೆಗೆ ಹಾಕಿಕೊಂಡರು.

ಅಷ್ಟರಲ್ಲಿ ಮುಂದಿನ ಕೋಣೆಗೆ ಬಸ್ ಡ್ರೈವರ್ ಬಂದರು. ನಮ್ಮ ಹಳೆಯ ಗಿರಾಕಿ. ಅವರ ಕೆಲಸದ ಕೋಟನ್ನು ಹೊಲಿದವರು ಅಜ್ಜ. ಹೊಟ್ಟೆ ಬಂದ ಹಾಗೆಲ್ಲ ಅದನ್ನು ಬಿಡಿಸಿಕೊಡುವವರೂ ಅಜ್ಜ. ನಾನು ಹೊರಗೆ ಬಂದು ಅವರಿಗೆ ಸ್ಟೂಲು ಕೊಟ್ಟೆ. ಪರದೆಯಾಚೆಯ ಮಾತು ಚೆನ್ನಾಗಿ ಕೇಳುತ್ತಿತ್ತು.

ಅಜ್ಜಿ: ನೀವು ಏನೇ ಹೇಳಿ, ನಾನು ಸುರಂಗದಾಚೆ ಹೋಗೋಳೇ.

ಅಜ್ಜ: ಹೋಗು. ನಾನಿಲ್ಲಿ ಒಬ್ಬನೇ ಇರ್ತೀನಿ.

ಅಜ್ಜಿ: ಒಬ್ಬರೇ ಯಾಕೆ? ಬೆಕ್ಕುಗಳಿವೆಯಲ್ಲ.

ಬಸ್ ಡ್ರೈವರ್ ನನ್ನ ಮುಖ ನೋಡಿದರು. ಅದು ಆಟ ಎಂದು ಹೇಳಬೇಕೆಂದಿದ್ದೆ. ಆದರೆ ಹೊರಗಿನವರು ಮುಖ ನೋಡಿದರೆ ನನ್ನ ಮಾತು ಗಂಟಲಲ್ಲೇ ಸಾಲುಗಟ್ಟಿ ನಿಲ್ಲುತ್ತದೆ. ಯಾವುದನ್ನು ಮೊದಲು ಕಳಿಸಲಿ ಎಂದು ನಾನು ಆರಿಸುವಷ್ಟರಲ್ಲಿ ಎದುರಿನವರು ಮುಂದೆ ಹೋಗಿರುತ್ತಾರೆ. ಕೊನೆಗೆ, “ಅದು... ರೈಲು,” ಎಂದೆ. “ರೈಲು ಕೂಡ ಗೊತ್ತು ಮಾಡಿಬಿಟ್ಟಿದ್ದಾರಾ,” ಎಂದು ಅವರು ಸ್ಟೂಲಿನಿಂದ ಎದ್ದರು. ಒಮ್ಮೆ ಕೆಮ್ಮಿ, ಪರದೆಯ ಸಂದಿಯಲ್ಲಿ ತಲೆ ಮಾತ್ರ ತೂರಿಸಿದರು.

ಬಸ್ ಡ್ರೈವರ್: ಅಮ್ಮ, ನಡುವೆ ಬಾಯಿ ಹಾಕ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಕೋಪದಲ್ಲಿ ಮನೆ ಬಿಟ್ಟು ಹೊರಡಬಾರದು.

ಅಜ್ಜಿ: ಕೋಪ ಇಲ್ಲಪ್ಪ. ತುಂಬ ದಿನದಿಂದ ಯೋಚನೆ ಮಾಡೇ ಹೇಳ್ತಾ ಇದೀನಿ.

ಬಸ್ ಡ್ರೈವರ್: ಆಚೆ ಕಡೆ ನಿಮ್ಮೋರು ಯಾರಾದ್ರೂ ಇದಾರಾ?

ಅಜ್ಜಿ: ಯಾರಿದಾರೆ ಅಂತ ನೋಡೋಕೇ ಹೋಗೋದು.

ಬಸ್ ಡ್ರೈವರ್: ಟೈಲರ್ ಸಾರ್, ನೀವಾದ್ರೂ ತಡೀಬಾರದಾ?

ಅಜ್ಜ: ತಡೀತಾನೇ ಇದೀನಿ. ಗೇಟಿನೋರಿಗೆ ದುಡ್ಡು ಕೊಟ್ಟಾದ್ರೂ ಹೋಗ್ತೀನಿ ಅಂತಾಳೆ.

ಬಸ್ ಡ್ರೈವರ್ ಬೀದಿಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

ಬಸ್ ಡ್ರೈವರ್: ಅಮ್ಮ, ಅದಕ್ಕೆ ಪೊಲೀಸಿನವರು ಸುಮ್ಮನಿರ್ತಾರಾ?

ಅಜ್ಜಿ: ಎಲ್ಲಾರೂ ಕೊಟ್ಟೇ ಹೋಗ್ತಾರಪ್ಪ. ಕೊಟ್ಟ ತಕ್ಷಣ ತೆಗೀತಾರಂತೆ.

ಬಸ್ ಡ್ರೈವರ್: ವಾಪಸ್ ಬರೋಕೆ ಬಿಡ್ತಾರಾ?

ಅಜ್ಜಿ: ಬಿಡದೆ ಏನು? ಇಂಜಿನ್ನು ನನ್ನ ಕೈಲಿರತ್ತೆ.

ಇದನ್ನು ಕೇಳಿ ಅವರು ಪರದೆಯನ್ನು ಪೂರ್ತಿ ಸರಿಸಿದರು. ಅಜ್ಜಿಯ ಕೈಯಲ್ಲಿದ್ದ ಆಟದ ಕಂಟ್ರೋಲರನ್ನು ನೋಡಿದರು. ಟಿವಿಯಲ್ಲಿ ಗೇಟಿನ ಮುಂದೆ ಹೊಗೆ ಬಿಡುತ್ತ ನಿಂತಿದ್ದ ರೈಲನ್ನು ನೋಡಿದರು. ನಿಮ್ಮ ಚಿಕ್ಕಪ್ಪನಿಗೆ ಫೋನ್ ಮಾಡೋಣ ಅಂತ ನಂಬರು ಹುಡುಕುತ್ತಿದ್ದೆ ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು. ನಾನು ಕ್ಷಮಿಸಿ ಎಂದೆ. ಆ ಮಾತು ಮಾತ್ರ ಬೇಗ ಬಂತು.

ಅವರು ಬಂದದ್ದು ಎರಡು ಕೆಲಸಕ್ಕೆ. ಕೋಟಿನ ಸೊಂಟ ಸ್ವಲ್ಪ ಬಿಡಿಸಬೇಕು. ಒಳಗಡೆ, ಎದೆಯ ಹತ್ತಿರ, ಕನ್ನಡಕ ಇಟ್ಟುಕೊಳ್ಳಲು ಒಂದು ಜೇಬು ಬೇಕು. ಎಷ್ಟಾಗುತ್ತದೆ ಎಂದು ಕೇಳಿದರು. ಅಜ್ಜ ಕೋಟನ್ನು ತಿರುವಿ ಹಾಕಿ, ಒಳಗಿನ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡುತ್ತಲೇ ಉತ್ತರ ಕೊಟ್ಟರು.

ಅಜ್ಜ: ಸೊಂಟಕ್ಕೆ ಏನೂ ಬೇಡ. ನಾನು ಹೊಲಿದ ಬಟ್ಟೆ, ಅದು ಹರಿಯೋ ತನಕ ನಂದೇ ಜವಾಬ್ದಾರಿ. ಜೇಬಿಗೆ ಮಾತ್ರ ಕೊಡಿ.

ಅಜ್ಜಿ ಕಂಟ್ರೋಲರನ್ನು ನಿಧಾನವಾಗಿ ಪಕ್ಕಕ್ಕಿಟ್ಟರು.

ಅಜ್ಜಿ: ಏನಂದ್ರಿ?

ಅಜ್ಜ: ಸೊಂಟಕ್ಕೆ ಬೇಡ ಅಂದೆ.

ಅಜ್ಜಿ: ಅದಾದ ಮೇಲೆ ಏನೋ ಅಂದ್ರಲ್ಲ.

ಅಜ್ಜ: ...ಜೇಬಿಗೆ.

ಅಜ್ಜಿ: ಜೇಬಿಗೆ ಯಾಕೆ ದುಡ್ಡು? ಕೋಟು ನಿಮ್ಮದೇ ಹೊಲಿಗೆ. ಅವರು ಒಂದು ಸಲ ಕೊಟ್ಟಾಗಿದೆ.

ಅಜ್ಜ: ಅದಕ್ಕೆ ಬಟ್ಟೆ ಬೇಕು, ಲೈನಿಂಗ್ ಬಿಚ್ಚಬೇಕು, ಮತ್ತೆ ಕೂರಿಸಬೇಕು. ಮೊದಲು ಇಲ್ಲದ್ದನ್ನ ಹೊಸದಾಗಿ ಮಾಡೋದು, ಕೆಲಸ ಅಲ್ವೇನೇ?

ಅಜ್ಜಿ: ಹೂಂ. ಬೆಟ್ಟ ಕೊರೆಯೋದು ಕೆಲಸ ಅಲ್ವಾ?

ಬಸ್ ಡ್ರೈವರ್ ಕೈ ಬಾಯಿಗೆ ಅಡ್ಡ ಹಿಡಿದುಕೊಂಡರು. ಅಜ್ಜ ಅವರನ್ನು ನೋಡಿ, ನಿಮ್ಮ ಜೇಬು ಫ್ರೀ ಎಂದುಬಿಟ್ಟರು. ಜಗಳ ಗೆಲ್ಲಲು ಅಜ್ಜ ಅಂಗಡಿಯನ್ನೂ ಬರೆದುಕೊಡುವವರು ಎಂದು ಅಜ್ಜಿ ಹೇಳಿದರು. ಬಸ್ ಡ್ರೈವರಿಗೆ ಸಂಕಟವಾಯಿತು. ಜೇಬು ಬೇಕೇ ಬೇಕು ಅಂತಿಲ್ಲ, ಕನ್ನಡಕ ಕೈಯಲ್ಲೇ ಹಿಡಿದುಕೊಳ್ಳುತ್ತೇನೆ ಎಂದರು. ಬಸ್ ಓಡಿಸುವಾಗಲೂ ಕೈಯಲ್ಲೇನಾ ಎಂದು ಅಜ್ಜಿ ಕೇಳಿದರು.

ಅಜ್ಜ ಕೊನೆಗೆ ಹಿಡಿದದ್ದು ಟ್ರಯಲ್ಲನ್ನು. ಮೈಗೆ ಹಾಕಿ ನೋಡದೆ ಯಾವ ಬಟ್ಟೆಗೂ ಕೊನೆಯ ಹೊಲಿಗೆ ಹಾಕಿದವರಲ್ಲ ಅವರು. ಟ್ರಯಲ್ ಇಲ್ಲದ ವ್ಯಾಪಾರ ನನಗೆ ಒಪ್ಪಿಗೆಯಿಲ್ಲ, ಆಟದವರು ಟ್ರಯಲ್ ಕೊಡುತ್ತಾರಾ ಕೇಳು ಎಂದರು. ಅಜ್ಜನಿಗೆ ಇಲ್ಲ ಎನ್ನುವ ಉತ್ತರ ಬರುತ್ತದೆಂಬ ಧೈರ್ಯವಿತ್ತು. ನಾನು ಆಟದ ಅಂಗಡಿಯ ಪುಟ ತೆಗೆದು ಎಚ್ಚರಿಕೆಯಿಂದ ಓದಿದೆ. ಕೊಡುತ್ತಾರೆ ಎಂದು ಬರೆದಿತ್ತು. ಒಂದು ಪ್ರಯಾಣ ಫ್ರೀ. ಮೂಲೆಯಲ್ಲಿ ಒಂದು ಮರಳಿನ ಗಡಿಯಾರ ಬರುತ್ತದೆ, ಮರಳು ಮುಗಿಯುವ ತನಕ ಹೋಗಬಹುದು.

ಅಜ್ಜಿ ಎದ್ದು ಮುಖ ತೊಳೆದುಕೊಂಡು ಬಂದರು. ಕನ್ನಡಕ ಒರೆಸಿದರು. ಬಸ್ ಡ್ರೈವರ್ ಸ್ಟೂಲನ್ನು ಒಳಗೇ ತಂದುಕೊಂಡು ಕೂತರು. ರೈಲು ಸ್ಟೇಷನ್ನಿನಲ್ಲಿ ಬಂದು ನಿಂತಿತು. ಜನ ಹತ್ತಿದರು. ಮೂಲೆಯಲ್ಲಿ ಮರಳು ಬೀಳಲು ಶುರುವಾಯಿತು.

ಅಜ್ಜಿ: ಬಾವುಟ.

ಅಜ್ಜ: ತಡಿ.

ಅಜ್ಜಿ: ಏನು ತಡಿ? ಎಲ್ಲಾ ಹತ್ತಾಯ್ತು.

ಅಜ್ಜ: ಆ ಛತ್ರಿ ಹೆಂಗಸು ಇನ್ನೂ ಮೆಟ್ಟಿಲ ಮೇಲಿದ್ದಾರೆ.

ಅಜ್ಜಿ: ಅವರು ದಿನಾ ಲೇಟು. ದಿನಾ ಬಿಟ್ಟೇ ಹೋಗ್ತೀವಿ.

ಅಜ್ಜ: ಇವತ್ತು ದೂರದ ಪ್ರಯಾಣ. ಬಿಟ್ಟು ಹೋದರೆ ಪಾಪ ಯಾವಾಗ ಹೋಗ್ತಾರೆ?

ಛತ್ರಿಯ ಹೆಂಗಸು ಪ್ರತಿ ಮೆಟ್ಟಿಲಿನ ಮೇಲೂ ನಿಂತು ಸುಧಾರಿಸಿಕೊಂಡು ಬಂದರು. ಅವರು ಹತ್ತಿದ ಮೇಲೆ ಅಜ್ಜ ಬಾಗಿಲುಗಳನ್ನು ಒಂದೊಂದಾಗಿ ನೋಡಿದರು. ಹಳಿಯ ಮೇಲೆ ಕೂತಿದ್ದ ಬೆಕ್ಕಿನ ಮರಿಯನ್ನು ಎಬ್ಬಿಸಿದರು. ಆಮೇಲೆ ಬಾವುಟ ತೋರಿಸಿದರು.

ಹಾಗೆಂದು ತಪ್ಪೆಲ್ಲ ಅಜ್ಜನದ್ದೆಂದು ಬರೆದರೆ ಸುಳ್ಳಾಗುತ್ತದೆ. ಅಜ್ಜಿ ರೈಲು ಓಡಿಸುವುದು ರೇಷ್ಮೆ ಬಟ್ಟೆಗೆ ಮೆಷಿನ್ನು ಓಡಿಸಿದ ಹಾಗೆ. ಹಸು ಕಂಡರೆ ನಿಧಾನ. ಸೇತುವೆ ಬಂದರೆ ನಿಧಾನ. ಕೆರೆಯ ಹತ್ತಿರ ಜನ ನೋಡಲಿ ಎಂದು ನಿಧಾನ.

ಬಸ್ ಡ್ರೈವರ್: ಅಮ್ಮ, ಮರಳು ಅರ್ಧಕ್ಕಿಂತ ಕೆಳಗೆ ಬಂತು. ಒಂಚೂರು ಒತ್ತಿ.

ಅಜ್ಜಿ: ಹಿಂದೆ ಜನ ಕೂತಿದಾರಪ್ಪ. ನೀನು ಬಸ್ಸು ಹೀಗೇ ಒತ್ತೀಯಾ?

ಬಸ್ ಡ್ರೈವರ್: ನನಗೆ ಮರಳು ಇಟ್ಟಿರಲ್ಲಮ್ಮ.

ಗೇಟು ಬಂತು. ತಾನಾಗಿಯೇ ತೆರೆದುಕೊಂಡಿತು. ಅಜ್ಜಿ ಹಾರ್ನು ಹಾಕಿ, ದೀಪ ಹಾಕಿ, ಸುರಂಗದೊಳಗೆ ರೈಲು ನುಗ್ಗಿಸಿದರು. ಸ್ವಲ್ಪ ದೂರದಲ್ಲಿ ಕೆಲಸ ನಡೆಯುತ್ತಿದೆ, ನಿಧಾನ ಎಂಬ ಬೋರ್ಡು ಸಿಕ್ಕಿತು. ಅಜ್ಜಿ ನಿಧಾನ ಮಾಡಿದರು. ಆಮೇಲೆ ದೀಪದ ಬೆಳಕೂ ಕಡಿಮೆಯಾಗಿ ಪೂರ್ತಿ ಕತ್ತಲಾಯಿತು. ನಾವು ನಾಲ್ವರೂ ಕತ್ತಲನ್ನು ನೋಡುತ್ತ ಕೂತೆವು. ದೊಡ್ಡ ಸುರಂಗ ಎಂದು ಬಸ್ ಡ್ರೈವರ್ ಹೇಳಿದರು. ಬೆಟ್ಟವೂ ದೊಡ್ಡದೇ ಅಲ್ವಾ ಎಂದು ಅಜ್ಜಿ ಹೇಳಿದರು. ಅವರ ಹೆಬ್ಬೆರಳು ಬಟನ್ನಿನ ಮೇಲೆ ಹಾಗೇ ಒತ್ತಿಕೊಂಡಿತ್ತು. ಟಿವಿಯ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಿದ್ದದ್ದು ಮೊದಲು ಕಂಡದ್ದು ನನಗೆ. ಹೇಳಲು ಮನಸ್ಸಾಗಲಿಲ್ಲ. ಆದರೂ ಹೇಳಿದೆ.

“ಅಜ್ಜಿ, ಟ್ರಯಲ್ ಮುಗಿದಿದೆ. ಆಗಲೇ ಮುಗಿದಿದೆ.”

ಅಜ್ಜ: ನೋಡಿದ್ಯಾ? ದುಡ್ಡು ಕೊಟ್ಟಿದ್ರೆ ಕತ್ತಲು ಸಿಗ್ತಿತ್ತು. ಕತ್ತಲು ನಮ್ಮ ಮನೇಲೂ ಇದೆ, ಸ್ವಿಚ್ ಆರಿಸಿದ್ರೆ ಸಾಕು.

ಅಜ್ಜಿ: ಬೇಕಂತಲೇ ಬಾವುಟ ಹಿಡ್ಕೊಂಡು ನಿಂತ್ರಿ.

ಅಜ್ಜ: ಬರ್ತಾ ಇರೋರನ್ನ ಬಿಟ್ಟು ಕಳಿಸ್ಲಾ?

ಅಜ್ಜಿ: ನಿನ್ನೆ ಬಿಟ್ರಿ. ಮೊನ್ನೆ ಬಿಟ್ರಿ. ಅವರು ಛತ್ರಿ ಎತ್ತಿ ಕೂಗಿದ್ರೂ ಬಿಟ್ರಿ. ಇವತ್ತು ಮಾತ್ರ ಅವರು ನಿಮ್ಮ ಸೋದರತ್ತೆ ಆಗಿಬಿಟ್ರು.

ಅಜ್ಜ ಕೋಟನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಬಂದು, ಸೊಂಟದ ಹೊಲಿಗೆ ಬಿಚ್ಚಲು ಶುರುಮಾಡಿದರು. ಬಸ್ ಡ್ರೈವರ್ ಅವರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ದುಡ್ಡು ಅಮ್ಮನದ್ದು, ಓಡಿಸುವವರೂ ಅಮ್ಮನೇ, ನಿಮಗೆ ಕಷ್ಟವೇನು ಸಾರ್ ಎಂದು ಕೇಳಿದರು. ಮೂರು ನಾಲ್ಕು ದಾರದ ತುಣುಕು ಕೆಳಗೆ ಬಿದ್ದವು.

ಅಜ್ಜ: ಈಗ ಅವಳು ಹೋಗಿ ಗೇಟು ನೋಡ್ಕೊಂಡು ಬೇಗ ಬರ್ತಾಳೆ. ದೂರದಿಂದ ಹಾರ್ನು ಕೇಳತ್ತೆ, ನಾನು ಗಂಟೆ ಹೊಡೀತೀನಿ. ಆ ದಾರಿ ಸೇರಿದ್ರೆ ಯಾವಾಗ ಬರ್ತಾಳೋ. ಅಲ್ಲೀ ತನಕ ನಾನು ಬೆಂಚಿನ ಮೇಲೆ ಕೂತು ಏನು ಮಾಡ್ಲಿ?

ಇದನ್ನು ಅವರು ಬಸ್ ಡ್ರೈವರಿಗೆ ಹೇಳಿದ್ದು. ನಮ್ಮ ಪರದೆಯ ಬಟ್ಟೆ ತೆಳುವಾದ್ದರಿಂದ ಅಜ್ಜಿಗೂ ಕೇಳಿಸಿತು. ಅಜ್ಜಿ ಆ ದಿನ ಮತ್ತೆ ಸುರಂಗದ ಮಾತೆತ್ತಲಿಲ್ಲ. ಸಂಜೆ ಆಟಕ್ಕೆ ಕೂತಾಗ ತಮ್ಮ ಕಂಟ್ರೋಲರನ್ನು ಅಜ್ಜನ ಕೈಗೆ ಕೊಟ್ಟು, ಅವರದನ್ನು ತಾವು ತೆಗೆದುಕೊಂಡರು.

ಅಜ್ಜಿ: ನೀವು ಓಡಿಸಿ. ಸ್ಟೇಷನ್ ನಾನು ನೋಡ್ಕೋತೀನಿ. ನಿಮಗೆ ಕಾಯೋ ಕೆಲಸ ಬೇಡ, ನನಗೆ ಗೇಟು ನೋಡೋ ಕೆಲಸ ಬೇಡ.

ಅಜ್ಜನಿಗೆ ಇದು ಗೆದ್ದ ಹಾಗೆಯೇ ಅನಿಸಿರಬೇಕು. ಸಂತೋಷದಿಂದ ಇಂಜಿನ್ ಹತ್ತಿದರು. ಅವರು ಓಡಿಸುವುದು ಬೇರೆ ರೀತಿ, ದಪ್ಪ ಬಟ್ಟೆಯ ಮೇಲೆ ಉದ್ದ ಹೊಲಿಗೆ ಹಾಕಿದ ಹಾಗೆ, ಎಲ್ಲೂ ನಿಲ್ಲುವುದಿಲ್ಲ. ಹಸುಗಳೇ ದಾರಿ ಬಿಟ್ಟುಕೊಟ್ಟವು. ಗೇಟಿನ ಹತ್ತಿರ ನಿಲ್ಲಿಸಿ, ಗಟ್ಟಿ ಗೇಟು, ಒಳ್ಳೆ ಕೆಲಸ ಎಂದು ಮೆಚ್ಚಿಕೊಂಡು ವಾಪಸ್ ಬಂದರು.

ಮಾರನೆಯ ದಿನ ಗೇಟಿನ ಕಂಬಿಗಳ ಸಂದಿಯಲ್ಲಿ ಏನೋ ಕಾಣುತ್ತದೆ ಎಂದರು. ನನ್ನನ್ನು ಕರೆದು ತೋರಿಸಿದರು. ನನಗೆ ಏನೂ ಕಾಣಲಿಲ್ಲ. ಅದರ ಮಾರನೆಯ ದಿನ ಗೇಟಿನ ಮುಂದೆ ನಿಂತು ಹಾರ್ನು ಹಾಕಿದರು. ಯಾರಿಗೆ ಹಾರ್ನು ಎಂದು ಅಜ್ಜಿ ಸ್ಟೇಷನ್ನಿನಿಂದ ಕೇಳಿದರು. ಒಳಗಿನವರಿಗೆ ಎಂದರು ಅಜ್ಜ. ಒಳಗೆ ಯಾರೂ ಇಲ್ಲವಲ್ಲ ಎಂದರೆ, ಇಲ್ಲ ಅಂತ ನಿನಗೆ ಹೇಗೆ ಗೊತ್ತು, ನೀನು ಕತ್ತಲಲ್ಲಿ ಹೋಗಿ ಬಂದವಳು ಎಂದರು. ಹಗಲು ಪ್ಯಾಂಟು ಕತ್ತರಿಸುವಾಗಲೂ ಅವರಿಗೆ ಅದೇ ಧ್ಯಾನ. ಆ ಹಳಿ ಎಡಕ್ಕೆ ತಿರುಗುತ್ತದೆ, ಅಂದರೆ ಆಚೆ ಸಮುದ್ರವೇ ಇರಬೇಕು ಎಂದು ನನ್ನ ಹತ್ತಿರ ಹೇಳಿದರು.

ಅಜ್ಜಿಗೆ ಅಷ್ಟು ಹೊತ್ತಿಗೆ ಬೆಕ್ಕುಗಳ ಗುರುತು ಹತ್ತಿತ್ತು. ಯಾವುದು ಕುಂಡದ ಹಿಂದೆ ಮಲಗುತ್ತದೆ, ಯಾವುದು ಬೆಂಚಿನ ಕೆಳಗೆ ಎಂದು ತಿಳಿದಿತ್ತು. ಮತ್ತೆ ರೈಲು ಹೋದ ಮೇಲೆ ಪ್ಲಾಟ್‌ಫಾರ್ಮು ಎಷ್ಟು ಸದ್ದಿಲ್ಲದೆ ಇರುತ್ತದೆ ಎಂದೂ ತಿಳಿದಿತ್ತು. ಅಜ್ಜ ಗೇಟಿನ ಹತ್ತಿರ ಹೆಚ್ಚು ಹೊತ್ತು ನಿಂತರೆ ಅವರು ಟಿವಿಯ ಆ ಅರ್ಧದ ಕಡೆ ಕತ್ತು ಚಾಚಿ, ಇನ್ನೂ ಅಲ್ಲೇ ಇದೀರಾ ಎಂದು ಕೇಳುತ್ತಿದ್ದರು. ಇಬ್ಬರೂ ಕೂತಿರುವುದು ಒಂದೇ ಮಂಚದ ಮೇಲೆ.

ಬಸ್ ಡ್ರೈವರ್ ಕೋಟು ತೆಗೆದುಕೊಂಡು ಹೋಗಲು ಬಂದ ದಿನ, ಮತ್ತೆ ಪರದೆಯಾಚೆಯಿಂದ ಜಗಳ ಕೇಳುತ್ತಿತ್ತು.

ಅಜ್ಜ: ಬೆಟ್ಟ ಕೊರೆದಿದಾರೆ ಕಣೇ. ಬಿಟ್ಟಿಗೆ ಯಾರು ಕೊರೀತಾರೆ? ಒಬ್ಬ ಕೂತು ಕಲ್ಲು ಬಿಡಿಸಿದಾನೆ, ಒಬ್ಬ ಕೂತು ಹಳಿ ಬಿಡಿಸಿದಾನೆ. ಅವರ ಕೂಲಿ ಅವರಿಗೆ ಕೊಡಬೇಕಲ್ವಾ?

ಅಜ್ಜಿ: ಫ್ರೀಯಾಗಿ ಕೊಡ್ತಾನೇ ಇದಾರಲ್ಲ. ಅವಸರ ಏನು?

ಅಜ್ಜ: ಏನು ಕೊಟ್ಟಿದಾರೆ? ಒಂದು ಹಾರ್ನು. ಹಳೇದರ ಥರಾನೇ ಕೂಗತ್ತೆ.

ಅಜ್ಜಿ: ಎಡಗೈ ತೋಳಿಗೆ ಬೇರೆ ದುಡ್ಡು ಅಂತ ನೀವು ಯಾರನ್ನಾದ್ರೂ ಕೇಳಿದೀರಾ?

ಅಜ್ಜ: ಇದು ತೋಳಲ್ಲ.

ಅಜ್ಜಿ: ಮತ್ತೇನು?

ಬಸ್ ಡ್ರೈವರ್ ನನ್ನ ಮುಖ ನೋಡಿದರು. ಹೋದ ಸಲ ಬಂದಾಗ ಇವರಿಬ್ಬರೂ ಅದಲು ಬದಲು ಇದ್ದರಲ್ಲವೇ ಎಂದು ಕೇಳಿದರು. ನಾನು ಹೌದು ಎಂದೆ. ಹಾಗಾದರೆ ಈಗ ನಾನು ಯಾರ ಕಡೆ ಎಂದು ಕೇಳಿದರು. ನಾನು ಕೋಟನ್ನು ಅವರ ಕೈಗೆ ಕೊಟ್ಟೆ. ಅವರು ಕೋಟು ಹಾಕಿಕೊಂಡು, ಹೊಸ ಜೇಬಿನಲ್ಲಿ ಕನ್ನಡಕ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದರು. ಜೇಬು ಹೊಲಿದದ್ದರ ದುಡ್ಡನ್ನು ಸದ್ದಿಲ್ಲದೆ ಅಳತೆಯ ಮೇಜಿನ ಮೇಲಿಟ್ಟು, ಪರದೆಯೊಳಗೆ ತಲೆ ತೂರಿಸಿದರು.

ಬಸ್ ಡ್ರೈವರ್: ಅಮ್ಮ, ಮೊದಲು ನಿಮಗೇ ಅಲ್ವಾ ಹೋಗಬೇಕಾಗಿದ್ದಿದ್ದು?

ಅಜ್ಜಿ: ಈಗಲೂ ಹೋಗಬೇಕು.

ಬಸ್ ಡ್ರೈವರ್: ಮತ್ತೆ ಯಾಕೆ ಬೇಡ ಅಂತೀರಿ?

ಅಜ್ಜಿ ಟಿವಿಯ ಕಡೆ ನೋಡಿದರು. ಅವರ ಅರ್ಧದಲ್ಲಿ ಖಾಲಿ ಪ್ಲಾಟ್‌ಫಾರ್ಮಿತ್ತು. ಒಂದು ಮರಿ ಬೆಂಚಿನ ಮೇಲೆ ಹತ್ತಿ, ಸುತ್ತು ತಿರುಗಿ, ಮಲಗಿತು.

ಅಜ್ಜಿ: ಇವರು ಬೆಂಚಿನ ಮೇಲೆ ಕೂತು ಏನು ಮಾಡ್ಲಿ ಅಂದಿದ್ರಲ್ಲ. ನಿಜಾನೇ. ಏನೂ ಮಾಡೋಕಾಗಲ್ಲ ಅಲ್ಲಿ.

ಅಜ್ಜ ಟೇಪು ತೆಗೆದು ಸುತ್ತಲು ಶುರುಮಾಡಿದರು. ಬಿಚ್ಚಲಿಲ್ಲ. ಸುತ್ತಿದ್ದನ್ನು ಪಕ್ಕಕ್ಕಿಟ್ಟು, ತಮ್ಮ ಕಂಟ್ರೋಲರನ್ನು ಇಬ್ಬರ ನಡುವೆ ಮಂಚದ ಮೇಲೆ ಹಾಕಿದರು.

ಅಜ್ಜ: ಇಂಜಿನ್ನಿಗೆ ಒಂದೇ ಸಾಕು. ಹೋಗ್ತಾ ನಾನು ಓಡಿಸ್ತೀನಿ, ಬರ್ತಾ ನೀನು ಓಡಿಸು.

ಅಜ್ಜಿ: ಹೋಗ್ತಾ ನಾನು. ಮೊದಲು ನೋಡೋಳು ನಾನು.

ಅಜ್ಜ: ನೀನು ಓಡಿಸಿದ್ರೆ ಆಚೆ ತಲುಪೋಷ್ಟರಲ್ಲಿ ಅವರು ಇನ್ನೊಂದು ಸುರಂಗ ಕೊರೆದು ಮಾರೋಕೆ ಇಟ್ಟಿರ್ತಾರೆ.

ಅಜ್ಜಿ: ಇಟ್ಟಿರಲಿ. ಅದಕ್ಕೆ ನಿಮ್ಮ ಡಬ್ಬಿಯಿಂದ ಕೊಡಿ.

ಅಜ್ಜ: ಸ್ಟೇಷನ್ ಬಿಟ್ಟು ಇಬ್ಬರೂ ಹೊರಟರೆ ಬಾವುಟ ಯಾರು ತೋರಿಸ್ತಾರೆ?

ಅಜ್ಜಿ ಸ್ಟೇಷನ್ನಿನ ಕಂಟ್ರೋಲರನ್ನು ಸೆರಗಿನಿಂದ ಒರೆಸಿ, ನನ್ನ ಕಡೆ ಚಾಚಿದರು. ಅಷ್ಟೊಂದು ಜನ ಬರುತ್ತಾರಲ್ಲ, ನನಗೆ ಮಾತು ಬರುವುದಿಲ್ಲವಲ್ಲ ಎಂದೆ. ಸ್ಟೇಷನ್ ಮಾಸ್ತರು ಮಾತಾಡಬೇಕಾಗಿಲ್ಲ ಪುಟ್ಟಿ, ಬಾವುಟ ಎತ್ತಿದರೆ ಸಾಕು, ನಿಮ್ಮಜ್ಜನಿಗೆ ಇಷ್ಟು ದಿನ ಅದು ಗೊತ್ತಾಗಲಿಲ್ಲ ಎಂದರು. ಅಜ್ಜ ಎಂದಿನಂತೆ ಏನೋ ಹೇಳಲು ಬಾಯಿ ತೆರೆದರು. ಬಸ್ ಡ್ರೈವರ್ ಅವರ ಭುಜ ತಟ್ಟಿ, ಹೊರಡುವ ಹೊತ್ತಾಯಿತು ಸಾರ್, ಜಗಳ ರೈಲಿನಲ್ಲಿ ಮುಂದುವರಿಸಿ ಎಂದರು.

ಕೊಳ್ಳುವ ಬಟನ್ನನ್ನು ಅಜ್ಜಿಯೇ ಒತ್ತಿದರು. ಹೊಸ ದಾರಿ ನಮ್ಮ ಗೇಮ್ ಪೆಟ್ಟಿಗೆಗೆ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ ಎಂದು ಟಿವಿ ತೋರಿಸಿತು. ಆ ಹೊತ್ತಿನಲ್ಲಿ ಕೂತು ನಾನು ಇದನ್ನು ಬರೆದೆ. ಒಳಗೆ, ಕಿಟಕಿ ಪಕ್ಕ ಯಾರು ಕೂರಬೇಕು ಎಂದು ಮಾತು ನಡೆಯುತ್ತಿದೆ. ಇಂಜಿನ್ನಿಗೆ ಎರಡು ಕಡೆಯೂ ಕಿಟಕಿಯಿದೆ, ಅದು ಇಬ್ಬರಿಗೂ ಗೊತ್ತಿದೆ.

ಈಗ ಇಳಿದಾಯಿತು ಎಂದು ಅಜ್ಜಿ ಕರೆಯುತ್ತಿದ್ದಾರೆ. ಪೆನ್ನಿನ ಮುಚ್ಚಳ ಹಾಕಿ, ಕೈ ತೊಳೆದುಕೊಂಡು, ಹೋಗಿ ಹಸಿರು ಬಾವುಟ ತೋರಿಸುತ್ತೇನೆ.